ಶಿಹಾತಾನ ಗಾಡಿಯ ಬಡಿತ

ಶಿಹಾತಾ ಹೆಣದ ಗಾಡಿಯ ಡ್ರೈವರ್. ಬಟ್ಟೆ ಗಿರಣಿಗಳ ಊರಾದ ನಮ್ಮ ಮಹಲ್ಲಾದ ಮಸೀದಿ ಸಂಘವೊಂದು ಆ ಹಳೇ ವ್ಯಾನನ್ನು ಇಟ್ಟುಕೊಂಡಿತ್ತು. ಹಿಂದೆ ನಡುವಿನಲ್ಲಿ ಮರದ ಪೆಟ್ಟಿಗೆ, ಎರಡು ಬದಿಗೂ ಮನೆಯವರು ಕೂರಲು ಬೆಂಚು. ಬಟ್ಟೆ ಗಿರಣಿಯ ಕೆಲಸ ಹೋದ ಮೇಲೆ ಹದಿನೇಳು ವರ್ಷ ಅವನು ಅದನ್ನೇ ಓಡಿಸಿದ. ಮದುವೆಗಳಿಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಅವನು ಬಂದು ಕೂತರೆ ಪಕ್ಕದವರು ಏನೋ ನೆನಪಾದವರಂತೆ ಎದ್ದು ಹೋಗುವರು. "ಕೂತ್ಕೊಳಪ್ಪ, ಇವತ್ತಿನ ಪಟ್ಟೀಲಿ ನಿನ್ನ ಹೆಸರಿಲ್ಲ" ಎಂದು ಅವನೇ ನಗುತ್ತಿದ್ದ. ಮೂರು ಕೂಸುಗಳನ್ನು ಕಳೆದುಕೊಂಡ ತಾಯಿಗೆ ನಾಲ್ಕನೆಯವನಾಗಿ ಹುಟ್ಟಿದವನು ಅವನು. ಬೇಡಿ ಪಡೆದವನು ಎಂಬರ್ಥದ ಆ ಹೆಸರಿಟ್ಟಿದ್ದರು. ಮಕ್ಕಳನ್ನು ಹೂಳುವ ತಾಯಂದಿರು ಗಾಡಿಯಲ್ಲಿದ್ದ ದಿನ ಮಾತ್ರ ಅವನ ಬಾಯಿಂದ ತಮಾಷೆ ಹೊರಡುತ್ತಿರಲಿಲ್ಲ.

ನಾನು ಬಯೂಮಿ. ಗಾಡಿಗಳ ಅಡಿಭಾಗದ ಕೆಲಸ ನನ್ನದು. ನಮ್ಮ ವರ್ಕ್‌ಶಾಪ್ ಸಾಲಿನಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕಸುಬು. ಎಂಜಿನ್ನಿನವನು ಸ್ಪ್ರಿಂಗ್ ಮುಟ್ಟುವುದಿಲ್ಲ, ನಾನು ವೈರು ಮುಟ್ಟುವುದಿಲ್ಲ. ಗಾಡಿ ಗುಂಡಿಗೆ ಬಿದ್ದು ಎದ್ದಾಗ ಕೆಳಗಿನಿಂದ ಬರುವ ಸದ್ದೆಲ್ಲ ನನ್ನ ಪಾಲು. ಹಿಂಬದಿಯ ಬಡಿತ ಹಿಡಿಯಲು ನಮ್ಮಲ್ಲಿ ಇರುವುದು ಒಂದೇ ವಿದ್ಯೆ: ಬೇರೊಬ್ಬ ಓಡಿಸಬೇಕು, ನಾವು ಹಿಂದೆ ಅಂಗಾತ ಮಲಗಿ ಕಿವಿ ಕೊಡಬೇಕು. ಮೂವತ್ತು ವರ್ಷದಲ್ಲಿ ನಾನು ಎಷ್ಟು ಕಾರುಗಳ ಡಿಕ್ಕಿಯಲ್ಲಿ ಮಲಗಿದ್ದೇನೋ ಲೆಕ್ಕವಿಲ್ಲ. ಆ ಬಗ್ಗೆ ನನಗೆ ಜಂಬವೂ ಇತ್ತು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಶಿಹಾತಾನ ಗಾಡಿ ಹಿಂದೆ ಟಕ್ ಎನ್ನತೊಡಗಿತು. ಯಾವಾಗಲೂ ಅಲ್ಲ. ಜನ ತುಂಬಿದ್ದಾಗ, ರಸ್ತೆಯ ಹಂಪ್ ಹತ್ತಿ ಇಳಿಯುವಾಗ ಮಾತ್ರ. ನಾಳೆ ತೋರಿಸೋಣ, ನಾಡಿದ್ದು ತೋರಿಸೋಣ ಎಂದು ಎರಡು ವಾರ ತಳ್ಳಿದ. ಅಷ್ಟರಲ್ಲಿ ಹಸನೇನ್ ಸತ್ತ.

ಹಸನೇನ್‌ಗೆ ಇಪ್ಪತ್ತೊಂದು ವರ್ಷ. ಮದುವೆ ಮನೆಯೊಂದಕ್ಕೆ ದೀಪದ ಸರ ಕಟ್ಟುವಾಗ ಕರೆಂಟು ಹೊಡೆಯಿತು, ಆಸ್ಪತ್ರೆಯಲ್ಲಿ ಜೀವ ಹೋಯಿತು. ಮೈಮೇಲೆ ಬೆರಳ ತುದಿಯಷ್ಟು ಸುಟ್ಟ ಕಲೆ, ಅಷ್ಟೇ. ಮಲಗಿ ನಿದ್ದೆ ಹೋದ ಹುಡುಗನ ಹಾಗೆಯೇ ಇದ್ದನಂತೆ. ಗಂಡಸರು ಬೇಡವೆಂದರೂ ಕೇಳದೆ ತಾಯಿ ಉಮ್ ಹಸನೇನ್ ಗಾಡಿ ಹತ್ತಿ ಪೆಟ್ಟಿಗೆಯ ಪಕ್ಕದಲ್ಲೇ ಕೂತಳು. ಸ್ಮಶಾನದ ರಸ್ತೆಯ ಮೊದಲ ಹಂಪಿನಲ್ಲಿ ಟಕ್ ಎಂದಿತು.

"ನಿಲ್ಸು ಶಿಹಾತಾ," ಎಂದಳು. "ನನ್ ಮಗ ಬಡೀತಿದಾನೆ."

"ಗಾಡಿ ಸದ್ದು ಕಣಮ್ಮ ಅದು."

"ಇವ್ನು ಮನೆ ಬಾಗ್ಲು ಬಡಿಯೋದು ದಿನಾ ಕೇಳಿದೀನಿ. ನಂಗೇ ಹೇಳ್ಕೊಡ್ತೀಯಾ?"

ಅವನು ನಿಲ್ಲಿಸಿದ. ಅವಳ ತಮ್ಮ ಮಿತ್ವಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದು, ಮುಖದ ಬಟ್ಟೆ ಸರಿಸಿ, ಮೂಗಿನ ಬಳಿ ಅಂಗೈ ಹಿಡಿದ. "ದೇವ್ರ ಇಷ್ಟ ಅಕ್ಕ. ಒಪ್ಕೋ" ಎಂದು ಮುಚ್ಚಿದ. ಮುಂದಿನ ಹಂಪಿನಲ್ಲಿ ಎರಡು ಸಲ ಬಡಿಯಿತು. ಅವಳು ಕಿರುಚಿದಳು. ಈ ಸಲ ಗಾಡಿ ನಿಲ್ಲಿಸಲು ಯಾರೂ ಬಿಡಲಿಲ್ಲ. ಮಧ್ಯಾಹ್ನದ ನಮಾಜಿನ ನಂತರ ಹುಡುಗನನ್ನು ಇಟ್ಟಿಗೆಯ ಗೋರಿಯೊಳಗೆ ಮಲಗಿಸಿ ಬಾಗಿಲಿಗೆ ಇಟ್ಟಿಗೆ ಕಟ್ಟಿದರು.

ಮಾರನೆಯ ದಿನದಿಂದ ಅವಳು ಆ ಇಟ್ಟಿಗೆಗೆ ಕಿವಿಯಿಟ್ಟು ಕೂತಳು. ಮಗನನ್ನು ಜೀವಂತ ಹೂತುಬಿಟ್ಟೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಗೋರಿ ತೆರೆಯುವುದು ಪಾಪ ಎಂದು ಶೇಖ್ ಹೇಳಿದರು, ಡಾಕ್ಟರು ಸಾವಿನ ಚೀಟಿ ತೋರಿಸಿದರು, ಮಿತ್ವಲ್ಲಿ ಬೈದ. ಶಿಹಾತಾ ಹೋಗಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಗಾಡೀದೇ ಸದ್ದು ತಾಯಿ, ಎರಡು ವಾರದಿಂದ ಇತ್ತು. ತಪ್ಪು ನಂದು" ಎಂದ. ಅವಳು ಒಂದೇ ಮಾತು ಹೇಳಿದಳು: "ಹಾಗಿದ್ರೆ ಬಡಿದದ್ದು ಏನು ಅಂತ ತೋರ್ಸು."

ಇದೊಂದನ್ನೂ ಅವನು ನನಗೆ ಹೇಳಲಿಲ್ಲ. ನಾಚಿಕೆಯಂತೆ. ಸುಮ್ಮನೆ ಗಾಡಿ ತಂದು ನಿಲ್ಲಿಸಿ, "ಉಸ್ತಾ, ಹಿಂದೆ ಬಡೀತಿದೆ, ಹಿಡ್ಕೊಡು" ಎಂದ. ನಾನು ಜ್ಯಾಕ್ ಕೊಟ್ಟು ಎತ್ತಿ, ಸನ್ನೆಗೋಲು ಹಾಕಿ ಮೀಟಿ ನೋಡಿದೆ. ರಬ್ಬರ್ ಬುಷ್‌ಗಳು ಸವೆದಿದ್ದವು, ಬದಲಾಯಿಸಿದೆ. ನಾಲ್ಕು ದಿನಕ್ಕೆ ಮರಳಿ ಬಂದ. ಬಡಿತ ಹಾಗೇ ಇತ್ತು. ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. ಮತ್ತೆ ಬಂದ. ಸ್ಪ್ರಿಂಗಿನ ಕಮಾನು ಪಟ್ಟಿ ಬಿಚ್ಚಿ ತೊಳೆದು ಜೋಡಿಸಿದೆ. ಖಾಲಿ ಗಾಡಿಯನ್ನು ನಾನೇ ಓಡಿಸಿ ನೋಡಿದರೆ ಒಂದು ಸದ್ದಿಲ್ಲ. ಹಿಂದೆ ಮಲಗಿ ಕೇಳಿದೆಯಾ ಎಂದು ಅವನು ಕೇಳಿದಾಗಲೆಲ್ಲ ಹೂಂ ಎಂದೆ. ಸುಳ್ಳು. ಆ ಗಾಡಿಯಲ್ಲಿ ಮಲಗುವುದೆಂದರೆ ಪೆಟ್ಟಿಗೆಯ ಜಾಗದಲ್ಲಿ ಮಲಗುವುದು. ನನ್ನಿಂದಾಗಲಿಲ್ಲ. ನಮ್ಮ ಸಾಲಿನ ಯಾವನಿಂದಲೂ ಆಗುತ್ತಿರಲಿಲ್ಲ.

ತಿಂಗಳಾಯಿತು. ನಾಲ್ಕನೆಯ ಸಲ ಬಂದಾಗ ಅವನ ಜೊತೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಇಳಿದಳು. ಸಂಘದವರ ಕಡೆಯವಳು, ನನ್ನ ಕೆಲಸ ತನಿಖೆ ಮಾಡಲು ಬಂದಿದ್ದಾಳೆ ಎಂದುಕೊಂಡೆ. ನನಗೆ ಆಗಲೇ ತಲೆ ಕೆಟ್ಟಿತ್ತು.

"ಉಸ್ತಾ, ಈ ಗಾಡೀಲಿ ಏನಾದ್ರೂ ಬಡಿಯೋ ಅಂಥದ್ದು ಇದ್ಯಾ?" ಎಂದು ಕೇಳಿದಳು.

"ಏನೂ ಇಲ್ಲ ತಾಯಿ. ಅಡೀಲಿ ಒಂದು ಬೋಲ್ಟೂ ಅಲ್ಲಾಡಲ್ಲ. ಮದುಮಗಳ ಹಾಗಿದೆ ಗಾಡಿ. ಇವ್ನಿಗೆ ಕಿವೀಲಿ ಭ್ರಮೆ."

ಶಿಹಾತಾ ನನ್ನ ತೋಳು ಹಿಡಿಯುವಷ್ಟರಲ್ಲಿ ಮಾತು ಬಾಯಿಂದ ಹೋಗಿಯಾಗಿತ್ತು. ಅವಳು ಅಳಲಿಲ್ಲ. "ಕೇಳಿದ್ಯಾ ಶಿಹಾತಾ" ಎಂದು ಆಯಿಲ್ ಚೆಲ್ಲಿದ ನೆಲದ ಮೇಲೆಯೇ ಕೂತುಬಿಟ್ಟಳು. ಆಮೇಲೆ ಅವನು ನನ್ನನ್ನು ಗೋಡೆಯ ಹಿಂದಕ್ಕೆ ಎಳೆದೊಯ್ದು ಎಲ್ಲ ಹೇಳಿದ. ನನ್ನ ನಾಲಿಗೆಯನ್ನು ಕತ್ತರಿಸಿ ಎಸೆಯಬೇಕೆನಿಸಿತು. ಈಗಲೂ ಎಷ್ಟೋ ಸಲ ಅನಿಸುತ್ತದೆ.

"ನಿಜ ಹೇಳು. ಹಿಂದೆ ಮಲಗಿದ್ಯಾ?" ಎಂದ.

"ಇಲ್ಲ."

"ನಂಗೊತ್ತಿತ್ತು. ಎಂದಾದ್ರೂ ಮಲಗೋದೇ ಅಲ್ವೇನೋ ಬಯೂಮಿ. ಈಗ್ಲೇ ರೂಢಿ ಮಾಡ್ಕೋ."

ಅವನು ನಗಲಿಲ್ಲ. ನಾನೂ ನಗಲಿಲ್ಲ. ಬೆಂಚುಗಳ ಮೇಲೆ ಜನರ ತೂಕಕ್ಕೆಂದು ಎಂಟು ಮೂಟೆ ಮರಳು ಹೇರಿದೆವು. ಪೆಟ್ಟಿಗೆ ಇಳಿಸಿ ಆ ಜಾಗದಲ್ಲಿ ನಾನು ಮಲಗಿದೆ. ಹೆಣಕ್ಕೆ ಹಚ್ಚುವ ಕರ್ಪೂರದ ವಾಸನೆ ಹಲಗೆಯೊಳಗೇ ಇಳಿದಿತ್ತು. ಬಾಯಿಗೆ ಬಂದ ಪ್ರಾರ್ಥನೆಯನ್ನೆಲ್ಲ ಹೇಳಿಕೊಂಡೆ. ಅವಳು ಮುಂದೆ ಶಿಹಾತಾನ ಪಕ್ಕ ಕೂತಳು. ಸ್ಮಶಾನದ ರಸ್ತೆಯ ಅದೇ ಮೊದಲ ಹಂಪಿನಲ್ಲಿ ನನ್ನ ಬಲಗಿವಿಯ ಕೆಳಗೇ ಟಕ್ ಎಂದಿತು. ನಾನು ದಡಕ್ಕನೆ ಎದ್ದು ಕೂತೆ. ಗಾಡಿಯ ಸದ್ದೆಂದು ಗೊತ್ತಿದ್ದ ನನಗೇ ಹಾಗಾದರೆ ಅವಳಿಗೆ ಏನಾಗಿರಬೇಡ.

ಜ್ಯಾಕ್ ಹಾಕದೆ, ತೂಕ ಇಳಿಸದೆ, ಹಾಗೆಯೇ ಕೆಳಗೆ ತೆವಳಿದೆ. ಬಲಬದಿಯ ಶಾಕ್ ಅಬ್ಸಾರ್ಬರ್ ಮೇಲೆ ಚಾಸಿಸ್‌ಗೆ ಕೂರುವ ಕಡೆ ಬೆಸುಗೆ ಸೀಳಿತ್ತು. ತೂಕ ಬಿದ್ದಾಗ ಉಗುರಿನಷ್ಟು ಬಾಯಿ ಬಿಡುತ್ತಿತ್ತು. ಜ್ಯಾಕ್ ಕೊಟ್ಟು ಎತ್ತಿದೊಡನೆ ಮುಚ್ಚಿಕೊಂಡು, ಕೆಸರು ಬಣ್ಣಗಳ ಅಡಿಯಲ್ಲಿ ಕಾಣದಂತಾಗುತ್ತಿತ್ತು. ಒಂದು ತಿಂಗಳು ನಾನು ಅದನ್ನು ಎತ್ತಿ ಎತ್ತಿ ನೋಡಿದ್ದೆ. ಮೊದಲ ದಿನವೇ ಅಲ್ಲಿ ಮಲಗಿದ್ದರೆ ಆ ತಾಯಿಯ ಮೂವತ್ತು ದಿನದ ನರಕ ತಪ್ಪುತ್ತಿತ್ತು.

ಅವಳು ಬಟ್ಟೆ ಎತ್ತಿಕೊಂಡು ರಸ್ತೆಯ ಮೇಲೆ ಮಲಗಿ ನೋಡಿದಳು. ನಾನು ಟಾರ್ಚ್ ಹಿಡಿದೆ. ಶಿಹಾತಾ ಒಂದೊಂದೇ ಮೂಟೆ ಇಳಿಸಿದ. ಅವಳ ಕಣ್ಣೆದುರಿಗೇ ಸೀಳು ಮುಚ್ಚಿಕೊಂಡಿತು. ಮತ್ತೆ ಹೇರಿದ. ಬಾಯಿ ಬಿಟ್ಟಿತು. ಅವಳು ಬೆರಳಿಟ್ಟು ಸವರಿ ನೋಡಿದಳು.

"ಇದೇನಾ?"

"ಇದೇ ತಾಯಿ," ಎಂದ ಶಿಹಾತಾ. ತಿಂಗಳಲ್ಲಿ ಮೊದಲ ಸಲ ಅವನ ಮುಖ ಸಡಿಲವಾಗಿತ್ತು. "ನೀನು ಯಾರನ್ನೂ ಜೀವಂತ ಹೂತಿಲ್ಲ. ಹಸನೇನ್ ಆಸ್ಪತ್ರೇಲೇ ಹೋಗಿದ್ದ. ನೆಮ್ಮದಿಯಾಗಿ ಮನೆಗ್ ಹೋಗಿ ಊಟ ಮಾಡು."

ಅವಳು ಎದ್ದು ಬಟ್ಟೆಯ ಧೂಳು ಕೊಡವಿದಳು. ಬಹಳ ಹೊತ್ತು ಕೊಡವುತ್ತಲೇ ಇದ್ದಳು.

"ಹಾಗಾದ್ರೆ ಅವ್ನು ನನ್ನ ಕರೀಲೇ ಇಲ್ಲ," ಎಂದಳು.

ಅವಳಿಗೆ ನೆಮ್ಮದಿ ಕೊಡುತ್ತೇವೆಂದು ಹೊರಟು, ಮಗನದೆಂದು ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ಸದ್ದನ್ನೂ ಕಿತ್ತುಕೊಂಡಿದ್ದೆವು. ಹದಿನೇಳು ವರ್ಷ ಊರಿನ ಅಳುವನ್ನೆಲ್ಲ ಬೆನ್ನ ಹಿಂದೆ ಕೂರಿಸಿಕೊಂಡು ಓಡಿಸಿದ ಶಿಹಾತಾ ಮುಖ ಆಚೆ ತಿರುಗಿಸಿ ಚಕ್ರಕ್ಕೆ ಒರಗಿ ಅತ್ತ. ನಾನು ನೋಡೇ ಇಲ್ಲವೆಂಬಂತೆ ಸ್ಪ್ಯಾನರ್‌ಗಳನ್ನು ಜೋಡಿಸುತ್ತಾ ಕೂತೆ. ಮಾರನೆಯ ಬೆಳಿಗ್ಗೆ ಅವನಿಗೆ ಮತ್ತೊಂದು ಹೆಣ ಸಾಗಿಸುವುದಿತ್ತು. ಅಷ್ಟರೊಳಗೆ ಬೆಸುಗೆ ಹಾಕಲೇಬೇಕಿತ್ತು.

"ಸರಿ ಮಾಡೋಕ್ ಮುಂಚೆ," ಎಂದಳು ಉಮ್ ಹಸನೇನ್, "ಇನ್ನೊಂದ್ ಸಲ ಓಡ್ಸಪ್ಪ."

"ಇನ್ನೇನು ನೋಡ್ಬೇಕು ತಾಯಿ? ಕಬ್ಬಿಣ ಅದು, ನೀನೇ ಮುಟ್ಟಿದ್ಯಲ್ಲ."

"ಕಬ್ಬಿಣ ಅಂತ ಗೊತ್ತು. ಇನ್ನೊಂದ್ ಸಲ."

ಅವಳು ತಾನಾಗಿಯೇ ಹಿಂದೆ ಹತ್ತಿ ಮೂಟೆಗಳ ನಡುವೆ, ಅವತ್ತು ಕೂತಿದ್ದ ಜಾಗದಲ್ಲೇ ಕೂತಳು. ನಾನು ರಸ್ತೆ ಬದಿಯಲ್ಲಿ ನಿಂತೆ. ಶಿಹಾತಾ ಹಂಪ್ ದಾಟಿಸಿ, ತಿರುಗಿಸಿ ತಂದು, ಮತ್ತೆ ದಾಟಿಸಿದ. ಅವಳು ಸಾಕು ಎನ್ನಲಿಲ್ಲ. ಅವನೂ ಕೇಳಲಿಲ್ಲ. ಸಂಜೆಯ ಅಜಾನ್ ಆಗುವವರೆಗೂ ಹಾಗೇ ಹೋಗಿ ಬಂದು ಮಾಡಿದ. ಪ್ರತಿ ಸಲವೂ ಬಲಚಕ್ರವನ್ನು ಹಂಪಿನ ಎತ್ತರದ ಕಡೆಗೇ ಹತ್ತಿಸುತ್ತಿದ್ದ, ಅವಳಿಗೆ ಚೆನ್ನಾಗಿ ಕೇಳಿಸಲಿ ಎಂದು.