ದೊಡ್ಡಬಾಯಿಯ ಸ್ಟಿಕ್ಕರ್

ಆಸ್ಪತ್ರೆಯ ಲಾಂಡ್ರಿಯವರು ದೊಡ್ಡಬಾಯಿಗೆ ಅರ್ಧ ದಿನದ ಕೂಲಿ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಳು ಅನ್ನುವುದು ಮೇಸ್ತ್ರಿಯ ತಕರಾರು. ಆ ಕೂಲಿಯನ್ನು ನಮ್ಮ ಕೆಲಸಗಾರರ ಸಂಘ ವಸೂಲಿ ಮಾಡುತ್ತದೆ, ಅದರ ಚಿಂತೆ ನಿಮಗೆ ಬೇಡ. ಅವಳು ಹೋದದ್ದು ಎಲ್ಲಿಗೆ, ಯಾಕೆ ಅನ್ನುವುದು ಮಾತ್ರ ನಿಮಗೆ ಗೊತ್ತಿರಬೇಕು.

ಲಾಂಡ್ರಿಯೊಳಗೆ ಕಾಲಿಟ್ಟರೆ ಪಕ್ಕದವರು ಕಿವಿಯ ಹತ್ತಿರ ಬಂದು ಕೂಗಿದರೂ ಕೇಳದು. ತೊಳೆಯುವ ಮೆಷಿನ್ನುಗಳದು ಒಂದು ಸಾಲು, ಒಣಗಿಸುವವು ಇನ್ನೊಂದು ಸಾಲು, ನಡುವೆ ಹಬೆ. ಹಾಗಾಗಿ ಅಲ್ಲಿನ ಹೆಂಗಸರು ದನಿ ದಂಡ ಮಾಡುವುದಿಲ್ಲ. ಹುಬ್ಬೇರಿಸಿ, ತುಟಿ ಅಗಲಿಸಿ, ಮಾತನ್ನು ಬಾಯಲ್ಲಿ ಬಿಡಿಸಿ ತೋರಿಸುತ್ತಾರೆ. ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುವ ಇಬ್ಬರು ಹೀಗೇ ಸಂಸಾರದ ಗೋಳೆಲ್ಲ ಹೇಳಿಕೊಂಡು ಮುಗಿಸುತ್ತಾರೆ, ಮೇಸ್ತ್ರಿಯ ಕಣ್ಣೆದುರೇ ಮೇಸ್ತ್ರಿಯನ್ನು ಬೈಯುತ್ತಾರೆ. ಅವರಲ್ಲಿ ಇವಳ ಬಾಯಿ ಮಾತ್ರ ಲಾಂಡ್ರಿಯ ಆ ತುದಿಯಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ದೊಡ್ಡಬಾಯಿ ಅಂತ ಹೆಸರು ಬಿತ್ತು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ.

ಕೆಲಸದ ಚಾಳಿ ಮನೆಗೂ ಬಂತು. ಒಲೆಯ ಮುಂದೆ ನಿಂತುಕೊಂಡೇ, ಒಂಬತ್ತನೇ ಕ್ಲಾಸಿನ ಮಗಳಿಗೆ ದನಿಯಿಲ್ಲದೆ ಬಾಯಗಲಿಸಿ "ಊಟಕ್ಕೆ ಬಾ" ಅನ್ನುತ್ತಿದ್ದಳು. ಒಂದು ಸಂಜೆ ಮಗಳು ಅದನ್ನು ಫೋನಿನಲ್ಲಿ ಹಿಡಿದಳು. ಬಾವಿಯಷ್ಟು ಬಾಯಿ, ಹೊರಗೆ ಬಿದ್ದಂಥ ಕಣ್ಣು. ಸ್ಟಿಕ್ಕರ್ ಮಾಡಿ ಜೀವದ ಗೆಳತಿಗೆ ಕಳಿಸಿದಳು, "ನಮ್ಮಮ್ಮ ಹೀಗೇ ಸದ್ದಿಲ್ಲದೆ ಕರೆಯೋದು" ಅಂತ. ತಮಾಷೆಗೆ, ಪ್ರೀತಿಗೆ. ಗೆಳತಿ ಅದನ್ನು ಕ್ಲಾಸಿನ ಗ್ರೂಪಿಗೆ ಹಾಕಿದಳು.

ಅಲ್ಲಿಂದ ಅದು ಇಡೀ ಕ್ಲಾಸಿನ ಸೊತ್ತಾಯಿತು. ಹೋಮ್‌ವರ್ಕ್ ಕೇಳಿದರೆ ದೊಡ್ಡಬಾಯಿ, ಮಾರ್ಕ್ಸ್ ಕಡಿಮೆ ಬಂದರೆ ದೊಡ್ಡಬಾಯಿ. ಯಾರೋ ಕೆಳಗೆ "ಕೊಳೆ ಬಟ್ಟೆ ಕೊಡಿ" ಅಂತ ಬರೆದು ಸೇರಿಸಿದರು. ಆಮೇಲೆ ಹುಡುಗಿ ಬಾಗಿಲಲ್ಲಿ ಕಾಣಿಸಿದರೆ ಸಾಕು, ಬೆಂಚಿಗೆ ಬೆಂಚೇ ಬಾಯಿ ಕಳೆದು ಕೂರುತ್ತಿತ್ತು. ಸದ್ದು ಮಾತ್ರ ಇಲ್ಲ. ಬೋರ್ಡಿನ ಕಡೆ ಮುಖ ಮಾಡಿದ್ದ ಟೀಚರ್ ತಿರುಗಿ ನೋಡುವಷ್ಟರಲ್ಲಿ ಎಲ್ಲರೂ ಸಭ್ಯರು.

ಹುಡುಗಿಗೆ ಹೊಟ್ಟೆನೋವು ಶುರುವಾಯಿತು. ಸ್ಕೂಲಿನ ಹೊತ್ತಿಗೆ ಬಂದು, ಹೊತ್ತು ಮೀರಿದರೆ ಹೋಗುವ ಹೊಟ್ಟೆನೋವು. ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದಳು. ಫೋನನ್ನು ಮಾತ್ರ ಕೈಬಿಡಲಿಲ್ಲ.

ಒಂದು ದಿನ ತಾಯಿ ಕೆಲಸ ಮುಗಿಸಿ ಬಂದಾಗ ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ದನಿಯಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಕ್ಲಾಸಿನವರಿಗೆ ಕೊಡುವ ಉತ್ತರವನ್ನು ಉರು ಹೊಡೆಯುತ್ತಿದ್ದಳು. ಬಾಗಿಲಲ್ಲಿ ನಿಂತ ತಾಯಿಗೆ ಕನ್ನಡಿಯೊಳಗಿನ ತುಟಿ ಪೂರ್ತಿ ಅರ್ಥವಾಯಿತು: ಅವಳು ನಮ್ಮಮ್ಮ ಅಲ್ಲ, ಮನೇಲಿ ಬಾಡಿಗೆಗೆ ಇರೋಳು.

"ಬಾಡಿಗೆ ಎಷ್ಟು ಕೊಡಬೇಕು, ಅದನ್ನೂ ಹೇಳಿಬಿಡು" ಅಂದಳು ತಾಯಿ.

ಹುಡುಗಿ ಬೆಚ್ಚಿಬಿದ್ದಳು. "ನಾನೇನೂ ಮಾತಾಡಲಿಲ್ಲ."

"ಲಾಂಡ್ರಿಯೋಳ ಹತ್ತಿರ ಈ ಆಟ ಬೇಡ. ಏನಾಯ್ತು ಹೇಳು."

ಮಗಳು ಫೋನು ಚಾಚಿದಳು. ತಾಯಿ ಬೆರಳಿನಿಂದ ಸರಿಸಿದಷ್ಟೂ ತನ್ನದೇ ಮುಖ.

"ಇದನ್ನ ತೆಗೆದಿದ್ದು ಯಾರು?"

"ನಾನೇ. ಒಬ್ಬಳಿಗೇ ಕಳಿಸಿದ್ದೆ ಅಮ್ಮ."

"ಈ ಗ್ರೂಪಿಂದ ಎದ್ದು ಬರೋಕೇನು ಧಾಡಿ ನಿನಗೆ?"

"ಬಂದರೆ ನನ್ನ ಹಿಂದೆ ಏನಂತಾರೋ ಗೊತ್ತಾಗಲ್ಲ. ಇದ್ದರೆ ಗೊತ್ತಾದರೂ ಆಗುತ್ತೆ." ಹುಡುಗಿ ಫೋನು ವಾಪಸು ತಗೊಂಡು ಹೇಳಿದಳು, "ನಾನಿನ್ನು ಸ್ಕೂಲಿಗೆ ಹೋಗಲ್ಲ. ನಿನ್ನ ಜೊತೆ ಕೆಲಸಕ್ಕೆ ಬರ್ತೀನಿ."

"ಬಾ. ಅಲ್ಲಿ ದಿನವಿಡೀ ಇದೇ ಮುಖ ನೋಡ್ತಾ ಇರು."

ಹುಡುಗಿಗೆ ನಗುವೂ ಬಂತು, ಅಳುವೂ ಬಂತು.

ಮರುದಿನ ಮಧ್ಯಾಹ್ನ ದೊಡ್ಡಬಾಯಿ ಗಾಜಿನ ಗೂಡಿನಲ್ಲಿ ಕೂತ ಮೇಸ್ತ್ರಿಯತ್ತ ಬಾಯಿ ಬಿಡಿಸಿ "ಮಗಳ ಸ್ಕೂಲಿಗೆ ಹೋಗ್ತಿದೀನಿ" ಅಂದು ಹೊರಟಳು. ಇಷ್ಟು ವರ್ಷವಾದರೂ ಅವನು ತುಟಿ ಓದಲು ಕಲಿತಿಲ್ಲ. ಅದು ಅವನ ಹಣೆಬರಹ.

ಟೀಚರ್ ಕೆಟ್ಟವರಲ್ಲ. "ಕ್ಲಾಸಲ್ಲಿ ಗಲಾಟೆನೇ ಇಲ್ಲವಲ್ಲಮ್ಮ" ಅಂದರು.

"ಅದೇ ಮೇಡಂ ನನ್ನ ಕಂಪ್ಲೇಂಟು. ಗಲಾಟೆ ಮಾಡಿದ್ದರೆ ನೀವೇ ಬೈತಿದ್ರಿ."

ಸ್ಟಿಕ್ಕರ್ ತೋರಿಸಿದಾಗ ಟೀಚರ್ ಮುಖ ಇಳಿಯಿತು. ಅವರು ಅದನ್ನು ಆಗಲೇ ನೋಡಿದ್ದರು. ಅಪ್ಪ ಅಮ್ಮಂದಿರ ಗ್ರೂಪಿನಲ್ಲಿ, ಫೀಸು ಕಟ್ಟಿ ಅಂತ ಹಾಕಿದ ಸೂಚನೆಗೆ ಯಾರದೋ ಅಪ್ಪ ಉತ್ತರವಾಗಿ ಇದೇ ಮುಖ ಅಂಟಿಸಿದ್ದ. ಕೆಳಗೆ ನಗುವವರ ಸಾಲು. ಅದು ಯಾರ ಮುಖ ಅಂತ ಒಬ್ಬರೂ ಕೇಳಿರಲಿಲ್ಲ.

ಟೀಚರ್ ಎರಡೂ ಗ್ರೂಪಿನಲ್ಲಿ ಬರೆದರು, ಇದನ್ನು ಅಳಿಸಿ ಅಂತ. ಕ್ಲಾಸಿನಲ್ಲೂ ನಿಂತು ಹೇಳಿದರು. ಮಕ್ಕಳಲ್ಲಿ ಹೆಚ್ಚಿನವರು ಅಳಿಸಿದರು. ದೊಡ್ಡವರ ಕಡೆಯಿಂದ ಬಂದ ಉತ್ತರ: "ಮಕ್ಕಳಾಟ, ಬಿಡಿ ಮೇಡಂ."

ಹುಡುಗಿ ಈಗ ಸ್ಕೂಲಿಗೆ ಹೋಗುತ್ತಾಳೆ. ಕೂರುವುದು ಬಾಗಿಲ ಹತ್ತಿರದ ಬೆಂಚಿನಲ್ಲಿ. ಹೊಟ್ಟೆನೋವು ಒಮ್ಮೊಮ್ಮೆ ಬರುತ್ತದೆ. ತಾಯಿಯದು ಬೇರೆ ಕಥೆ. ಲಾಂಡ್ರಿಯಲ್ಲಿ ಮಾತಾಡುವಾಗ ಅವಳ ಕೈ ತಾನಾಗಿ ಬಾಯಿಗೆ ಅಡ್ಡ ಬರತೊಡಗಿತು. ಒಂದು ದಿನ ಇಸ್ತ್ರಿ ಮೆಷಿನ್ನಿನ ಹತ್ತಿರ ಇವಳು "ಕೈ ತೆಗಿ" ಅಂದದ್ದು ಜೊತೆಗಾತಿಗೆ ಕಾಣಲಿಲ್ಲ. ಅವಳ ಬೆರಳ ತುದಿ ಸುಟ್ಟಿತು.

"ನೀನು ಬಾಯಿ ಮುಚ್ಚಿಕೊಂಡು ನನ್ನ ಕೈ ಸುಟ್ಟೆಯಲ್ಲೇ" ಅಂದಳು ಜೊತೆಗಾತಿ ಊಟದ ಹೊತ್ತಿನಲ್ಲಿ. ಆವತ್ತಿನಿಂದ ದೊಡ್ಡಬಾಯಿ ಕೈ ಕೆಳಗಿಳಿಸಿದ್ದಾಳೆ. ಮನೆಯಲ್ಲಿ ಮಾತ್ರ ಊಟಕ್ಕೆ ಕರೆಯಲು ಎದ್ದು ಹೋಗಿ ಮಗಳ ಭುಜ ಮುಟ್ಟುತ್ತಾಳೆ.

ಕೂಲಿಯನ್ನು ಮೇಸ್ತ್ರಿಯಿಂದ ಕೇಳಿ ತಗೊಳ್ಳುತ್ತೇವೆ. ನಿಮ್ಮಿಂದ ಕೇಳುವುದು ಬೇರೆ. ನಿಮ್ಮ ಫೋನಿನಲ್ಲೂ ಇಂಥ ಮುಖಗಳಿವೆ. ಯಾರ ತಾಯಿಯೋ, ಯಾರ ಮಗನೋ ನಿಮಗೆ ಗೊತ್ತಿಲ್ಲ. ಈಗಲೇ ತೆಗೆದು ಅಳಿಸಿ. ಹಾಕಿದವರು ನೀವಾಗಿದ್ದರೆ, ಹಾಕಿದ ಜಾಗದಲ್ಲೇ ತಪ್ಪಾಯ್ತು ಅಂತ ಬರೆಯಿರಿ. ಆಮೇಲೆ ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಅಳಿಸಿದಿರಿ, ಯಾಕೆ ಅಳಿಸಿದಿರಿ ಅಂತ ಬಾಯಿಬಿಟ್ಟು ಹೇಳಿ.