ನೀಲಿ ಹೊಗೆ ಕಾಯುವ ವರ್ಲೀನ್

ಸೂರ್ಯ ಇನ್ನೂ ಪೈನ್ ಮರಗಳ ಹಿಂದೆ ಮುಖ ತೊಳೆಯುತ್ತಿದ್ದಾನೆ. ಪೂರ್ವ ಟೆಕ್ಸಸ್‌ನ ಹ್ಯಾರೋ ಕ್ರೀಕ್‌ನಲ್ಲಿ, ಚರ್ಚಿನ ಹಿತ್ತಲಲ್ಲಿ, ವರ್ಲೀನ್ ಕಾಬ್ಸ್ ಎಡಗೈಯಲ್ಲಿ ಒಂದು ಓಕ್ ಕಟ್ಟಿಗೆಯ ಸೀಳು ಎತ್ತಿ, ಕೂಸಿಗೆ ತುತ್ತು ಕೊಟ್ಟ ಹಾಗೆ, ಹೊಗೆಯಲ್ಲಿ ಮಾಂಸ ಬೇಯಿಸುವ ಕಬ್ಬಿಣದ ಒಲೆಯ ಬಾಯಿಗೆ ಕೊಡುತ್ತಾರೆ. ಕೊಳವೆಯಿಂದ ಮೊದಲು ದಪ್ಪ ಬಿಳಿ ಹೊಗೆ ಏಳುತ್ತದೆ. ಅವರು ಕಾಯುತ್ತಾರೆ. ಬಿಳಿ ತೆಳುವಾಗಿ, ನೀಲಿಯಾಗಿ, ಇದೆಯೋ ಇಲ್ಲವೋ ಎನ್ನುವಷ್ಟಾದ ಮೇಲೆಯೇ ಮಾಂಸ ಒಳಗೆ ಹೋಗುವುದು.

"ಬಿಳಿ ಹೊಗೆ ಬಾಯಿಬಡುಕಿ, ಬರೀ ಕಹಿ," ಎನ್ನುತ್ತಾರೆ. "ನೀಲಿ ಹೊಗೆ ಮಾತಾಡಲ್ಲ, ಕೆಲಸ ಮಾಡುತ್ತೆ."

ವರ್ಲೀನ್‌ಗೆ ಅರವತ್ತೊಂದು. ಪ್ರತಿ ಶನಿವಾರ ಹನ್ನೆರಡು ಬ್ರಿಸ್ಕೆಟ್, ಅಂದರೆ ದನದ ಎದೆಯ ಇಡೀ ತುಂಡುಗಳು, ಅವರ ಕೈಯಿಂದ ಹೊರಬರುತ್ತವೆ. ಮಧ್ಯಾಹ್ನದೊಳಗೆ ಒಂದು ಚೂರೂ ಉಳಿಯುವುದಿಲ್ಲ. ತಿಂದವರು "ಚರ್ಚಿನ ಮಾಂಸ" ಎಂದು ಹೊಗಳುತ್ತಾರೆ. ಬೇಯಿಸಿದವರ ಹೆಸರು ಕೇಳಿದವರು ಕಡಿಮೆ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾಗಲೂ ಅವರು ಶುಕ್ರವಾರದ ರಾತ್ರಿ ಮನೆಯಲ್ಲಿ ಮಲಗಿದ್ದಿಲ್ಲ. ಅಪ್ಪ ಹಳೆಯ ದಪ್ಪ ಕಬ್ಬಿಣದ ಕೊಳವೆ ಸೀಳಿ ಮಾಡಿದ ಒಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಕಟ್ಟಿಗೆ ಕೇಳುತ್ತಿತ್ತು. ಹದಿನೆಂಟನೆಯ ವಯಸ್ಸಿನಿಂದ, ನಲವತ್ತಮೂರು ವರ್ಷ, ಅದು ಕೇಳಿತು, ಇವರು ಕೊಟ್ಟರು.

ಹೋದ ಚಳಿಗಾಲದಲ್ಲಿ ಕಟ್ಟಿಗೆ ಸೀಳುವಾಗ ಬಲಭುಜದೊಳಗೆ ಏನೋ ಹರಿದುಹೋಯಿತು. ಇನ್ನು ಕೊಡಲಿ ಮುಟ್ಟಬೇಡಿ ಎಂದರು ಡಾಕ್ಟರು. ಫೆಬ್ರವರಿಯಲ್ಲಿ ಒಲೆಯ ತಳವೂ ಸುಟ್ಟು ಉದುರಿತು. ಜೂನ್ ಹತ್ತೊಂಬತ್ತರ, ಕರಿಯರಿಗೆ ಗುಲಾಮಗಿರಿಯಿಂದ ಸಿಕ್ಕ ಬಿಡುಗಡೆಯ ಹಬ್ಬದೊಳಗೆ ಹೊಸದು ಬರಲೇಬೇಕು. ಆದರೆ ಯಾವುದು?

ಚರ್ಚಿನ ಹಿರಿಯ, ಡೀಕನ್ ಎಮೆಟ್ ಪ್ರೂಯಿಟ್, ಮರದ ಹೊಟ್ಟಿನ ಗುಳಿಗೆ ನುಂಗುವ ಕರೆಂಟಿನ ಯಂತ್ರವೊಂದನ್ನು ಎರವಲು ತಂದೇಬಿಟ್ಟರು. "ಗುಂಡಿ ಒತ್ತಿ, ಮನೆಗೆ ಹೋಗಿ ಮಲ್ಕೊಳ್ಳಿ ಸಿಸ್ಟರ್. ನಿಮ್ಮ ಭುಜ ನನ್ನ ಹೆಸರು ಹೇಳಿ ಹರಸುತ್ತೆ."

"ಪ್ರಾರ್ಥನೆಗೂ ಒಂದು ಗುಂಡಿ ಇಡ್ಸಿ ಡೀಕನ್, ನಿಮಗೆ ಮಂಡಿ ನೋವಲ್ವಾ!" ಎಂದು ಕುಟುಕಿದರು ಓಲೀಟಾ. ವರ್ಲೀನ್‌ಗೆ ಬಾಲ್ಯದ ಗೆಳತಿ, ಕಟ್ಟಿಗೆಯ ಕಟ್ಟಾ ಪಕ್ಷಪಾತಿ.

ಯಂತ್ರದ ಮಾಂಸವನ್ನು ವರ್ಲೀನ್ ನಿಧಾನವಾಗಿ ಅಗಿದರು. ಮೆತ್ತಗಿತ್ತು, ತಪ್ಪು ಹೇಳುವಂತಿರಲಿಲ್ಲ. "ಚೆನ್ನಾಗಿದೆ ಡೀಕನ್. ಆದ್ರೆ ಮದುವೆಗೆ ಹೋಗಿ ಬಂದೋರ ಬಾಯಲ್ಲಿ ಮದುವೆ ಸುದ್ದಿ ಕೇಳಿದ ಹಾಗಿದೆ."

ಅತ್ತ ದರಿ, ಇತ್ತ ಪುಲಿ. ಕಟ್ಟಿಗೆಯ ಒಲೆ ಬಂದರೆ ಭುಜ ಒಪ್ಪದು. ಯಂತ್ರ ಬಂದರೆ ಬೆರಳಿದ್ದವರೆಲ್ಲ ಅಡುಗೆಯವರೇ. ಅಲ್ಲಿ ವರ್ಲೀನ್‌ಗೇನು ಕೆಲಸ?

ದಾರಿ ತೋರಿಸಿದ್ದು ಅವರದೇ ಹೆಬ್ಬೆರಳು. "ಮಾಂಸದ ಮೈ ಕಪ್ಪಾಗಿ, ಉಗುರಿಂದ ಕೆರೆದ್ರೂ ಏಳದಿದ್ರೆ ಅದಕ್ಕೆ ಹೊಗೆ ಕುಡಿದು ಹೊಟ್ಟೆ ತುಂಬಿತು ಅಂತ. ಐದಾರು ಗಂಟೆ ಸಾಕು. ಆಮೇಲೆ ಬೇಕಾಗಿರೋದು ಬರೀ ಬಿಸಿ. ಇದು ನಂಗೆ ಯಾವತ್ತೋ ಗೊತ್ತಿತ್ತು. ಅಪ್ಪ ಬೆಳಗಿನವರೆಗೂ ಕೂತಿರ್ತಿದ್ರು, ನಾನೂ ಕೂತೆ."

ಉಳಿದ ಬಿಸಿಗೆ ಚರ್ಚಿನ ಅಡುಗೆಮನೆಯ ಓವನ್ ಇತ್ತು. ಮೂವತ್ತು ವರ್ಷ ಓವನ್ ಕಂಡ ಕೈ ಇವರದು. ಆದರೆ ಈ ಸೀಮೆಯಲ್ಲಿ "ಓವನ್ನಿನ ಮಾಂಸ" ಎಂದರೆ ನೀರು ಬೆರೆಸಿದ ಹಾಲು ಎಂದ ಹಾಗೆ. ಹಾಗಾಗಿ ಯಾವುದು ಯಾವುದೆಂದು ಹೇಳದೆ ಮೇ ತಿಂಗಳಲ್ಲಿ ಓಲೀಟಾ ಮುಂದೆ ಎರಡು ತಟ್ಟೆ ಇಟ್ಟರು. ಒಂದು, ನೆರೆಯವರ ಕಟ್ಟಿಗೆ ಒಲೆಯಲ್ಲೇ ಪೂರ್ತಿ ಬೆಂದದ್ದು. ಇನ್ನೊಂದು, ಅದೇ ಒಲೆಯಲ್ಲಿ ಆರು ಗಂಟೆ ಹೊಗೆ ಕುಡಿದು, ಮಾಂಸ ಕಟ್ಟುವ ದಪ್ಪ ಕಾಗದ ಸುತ್ತಿಕೊಂಡು ಓವನ್ ಸೇರಿದ್ದು.

ಓಲೀಟಾ ಎರಡನೆಯ ತಟ್ಟೆಯಿಂದ ಮೂರನೇ ತುಂಡು ಎತ್ತಿದರು. "ಬೆಳತನಕ ಬೆಂಕಿ ಮೇಲಿದ್ದದ್ದು ಇದೇ ಕಣೇ. ನನ್ನ ನಾಲಿಗೆಗೆ ಟೋಪಿ ಹಾಕಕ್ಕಾಗಲ್ಲ."

"ಅದು ಅರ್ಧ ಓವನ್ನಲ್ಲಿ ಬೆಂದಿದ್ದು ಕಣೇ."

ಅಗಿಯುತ್ತಿದ್ದ ಬಾಯಿ ನಿಂತಿತು. ಮತ್ತೆ ಅಗಿಯತೊಡಗಿತು. "ಹೋಗ್ಲಿ, ಇನ್ನೊಂದು ತುಂಡು ಹಾಕು. ಪಾಪ ಮಾಡೋದೇ ಆದ್ರೆ ಅರ್ಧಂಬರ್ಧ ಯಾಕೆ?"

ಅಲ್ಲಿಗೆ ಯಂತ್ರ ವಾಪಸ್ ಹೋಯಿತು. ಊರಿನ ವೆಲ್ಡರ್ ದಪ್ಪ ತಗಡಿನ ಒಲೆಯೊಂದನ್ನು ಕಟ್ಟಿಕೊಟ್ಟ. ತಗಡು ಬಿಸಿ ಹಿಡಿದಿಡುವುದರಿಂದ ಇದು ಗಂಟೆಗೊಂದೇ ಸೀಳು ಕೇಳುತ್ತದೆ. ಶುಕ್ರವಾರ ಬೆಳಗ್ಗೆ ಬೆಂಕಿ, ಮಧ್ಯಾಹ್ನದ ಮೇಲೆ ಓವನ್, ಸಂಜೆಗೆ ವರ್ಲೀನ್ ಮನೆಗೆ. ಕಟ್ಟಿಗೆ ಸೀಳಲು ಪ್ರತಿ ಗುರುವಾರ ಡೀಕನ್ ಎಮೆಟ್ ಬರುತ್ತಾರೆ. "ಯಂತ್ರ ಬೇಕು ಅಂದ್ರಲ್ಲ, ಈಗ ನೀವೇ ಯಂತ್ರ!" ಎಂದು ಓಲೀಟಾ ನಗುತ್ತಾರೆ.

ನಾಳೆಯೇ ಹಬ್ಬ. ಒಳಗೆ ಮಾಮೂಲಿಗಿಂತ ಇಮ್ಮಡಿ ಮಾಂಸ ನೀಲಿ ಹೊಗೆ ಕುಡಿಯುತ್ತಿದೆ. ಹಬ್ಬಕ್ಕೆ ಏನು ಆಸೆ ಎಂದು ಕೇಳಿದರೆ ವರ್ಲೀನ್ ಕೈ ಒರೆಸಿಕೊಂಡು ಸ್ವಲ್ಪ ನಾಚುತ್ತಾರೆ.

"ಪ್ರತಿ ವರ್ಷ ರಾತ್ರಿಯೆಲ್ಲ ಎದ್ದಿದ್ದು, ಎಲ್ಲರೂ ಹಾಡೋ ಹೊತ್ತಿಗೆ ನಾನು ಮೂಲೆ ಕುರ್ಚಿಲಿ ಗೊರಕೆ ಹೊಡೀತಿದ್ದೆ. ನಲವತ್ತಮೂರು ಹಬ್ಬ ಹಂಗೇ ಹೋಯ್ತು. ನಾಳೆ ಹಳದಿ ಫ್ರಾಕ್ ಹಾಕೊಂಡು, ಎಲ್ಲರ ಜೊತೆ ಕೂತು ನನ್ನ ಕೈಯಡುಗೆ ತಿಂದು, ಆಮೇಲೆ ನಾನೂ ಹಾಡ್ಬೇಕು."

ಗಂಟೆಯಾಯಿತು. ಅವರು ಮತ್ತೊಂದು ಸೀಳು ಎತ್ತಿಕೊಳ್ಳುತ್ತಾರೆ, ಎಡಗೈಯಲ್ಲಿ.