ತಾಯಿಯನ್ನು ಕೇಳದ ತಾಯ್ನುಡಿ

ನನ್ನ ಮಗಳು ಮೊದಲು ಆಡಿದ್ದು ಮಲಯಾಳ. ಈ ಮಾತು ಎತ್ತಿದರೆ ನಮ್ಮತ್ತೆಯ ಮುಖ ಇವತ್ತಿಗೂ ಹುಳಿಮಜ್ಜಿಗೆ ಕುಡಿದ ಹಾಗಾಗುತ್ತದೆ. ಮನೆತನಕ್ಕೆ ಬಂದ ಕಳಂಕದಲ್ಲಿ ತನ್ನ ಪಾಲೆಷ್ಟು ಎಂದು ಮಾತ್ರ ಆಕೆ ಒಂದು ದಿನವೂ ಯೋಚಿಸಿದವಳಲ್ಲ.

ನಾನು ಗುಂಡ್ಲುಪೇಟೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ನನ್ನ ಗಂಡನಿಗೆ ಚಾಮರಾಜನಗರದಲ್ಲಿ ಕಚೇರಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವ ಮನುಷ್ಯ. ಹೆರಿಗೆ ರಜೆ ಮುಗಿಯುತ್ತ ಬಂದಾಗ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತು. ಅತ್ತೆ ಇದ್ದದ್ದು ಬೇಗೂರಿನಲ್ಲಿ, ಬಸ್ಸು ಹತ್ತಿದರೆ ಕಣ್ಣುಮುಚ್ಚಿ ತೆಗೆಯುವಷ್ಟು ದೂರ. ಶ್ರಾವಣದ ಶನಿವಾರಗಳಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಮೆಟ್ಟಿಲುಗಳನ್ನು ಸರಸರನೆ ಹತ್ತುತ್ತಿದ್ದ ಹೆಂಗಸು.

"ನನ್ ಕೈಲಾಗಕಿಲ್ಲ ಕಣವ್ವ, ಮಂಡಿ ನೋವು. ಹೆತ್ತೋಳು ನೀನು. ಕೆಲ್ಸ ಬುಟ್ಬುಡು, ಅತ್ಲಾಗೆ," ಎಂದಳು.

ಕೆಲಸ ಬಿಡು ಎಂದವರು ಬಹಳ ಮಂದಿ. ನಿನ್ನ ಸಂಬಳ ಬೇಡ ಎಂದವರು ಒಬ್ಬರೂ ಇಲ್ಲ. ಗಂಡ ಮೊಬೈಲಿನಲ್ಲಿ ಏನೋ ನೋಡುತ್ತ, "ಏನಾದ್ರೂ ಅಡ್ಜಸ್ಟ್ ಮಾಡ್ಕೊ" ಎಂದ. ಅಪ್ಪನಾದವನ ಕೊಡುಗೆ ಅಲ್ಲಿಗೆ ಮುಗಿಯಿತು.

ಕೊನೆಗೆ ಮಗುವನ್ನು ಎತ್ತಿಕೊಂಡದ್ದು ಪಕ್ಕದ ಮನೆಯ ಚೇಚಿ. ಕೇರಳದ ಬತ್ತೇರಿ ಕಡೆಯಿಂದ ಬಂದವಳು; ಅಕ್ಕ ಎನ್ನುವುದಕ್ಕೆ ಅವರ ಮಾತಲ್ಲಿ ಚೇಚಿ. ಅವಳ ಗಂಡನದು ಬಸ್ ನಿಲ್ದಾಣದ ಹತ್ತಿರ ಬೇಕರಿ. ಗಂಡುಮಕ್ಕಳು ಬೆಳೆದು ಮನೆ ಬಿಟ್ಟಿದ್ದರು. ಅವಳೇನೂ ದೇವತೆಯಲ್ಲ. ಬೆಳಗಿನಿಂದ ಸಂಜೆಯವರೆಗೆ ಮಲಯಾಳ ಸೀರಿಯಲ್ ನೋಡುತ್ತಿದ್ದಳು, ಮಗುವಿನ ಕೈಗೆ ಬಾಳೆಕಾಯಿ ಚಿಪ್ಸ್ ಕೊಟ್ಟು ಕೂರಿಸುತ್ತಿದ್ದಳು, ಬೀದಿಯ ಸುದ್ದಿಯನ್ನೆಲ್ಲ ನನಗೆ ವರದಿ ಮಾಡುತ್ತಿದ್ದಳು. ಆದರೆ ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು. ನನ್ನ ಸಂಬಂಧಿಕರಲ್ಲಿ ಅಷ್ಟು ಮಾಡಿದವರು ಯಾರೂ ಇರಲಿಲ್ಲ.

ಡ್ಯೂಟಿ ಮುಗಿಸಿ ಬಂದು ಅವಳ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಮಗಳು ಓಡಿಬರುತ್ತಿದ್ದಳು. ಎಣ್ಣೆಗೈಯಲ್ಲಿ ನನ್ನ ಯೂನಿಫಾರ್ಮ್ ಹಿಡಿದು ಮುಖ ಒರೆಸಿಕೊಳ್ಳುತ್ತಿದ್ದಳು. ಆ ಒಂದು ಗಳಿಗೆಯಲ್ಲಿ ಹಗಲಿನ ರಕ್ತ, ಕೂಗಾಟ, ಡಾಕ್ಟರ ಗದರಿಕೆ ಎಲ್ಲ ಮರೆತುಹೋಗುತ್ತಿತ್ತು. ನೀರು ಬೇಕಾದರೆ "ವೆಳ್ಳಂ" ಅನ್ನುವಳು, ಬೇಡದ್ದಕ್ಕೆ "ವೇಂಡ" ಎಂದು ಸೀರಿಯಲ್ಲಿನ ಸೊಸೆಯ ಹಾಗೆ ಕತ್ತು ತಿರುಗಿಸುವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುವಳು. ಇಬ್ಬರಿಗೂ ಅರ್ಥವಾಗುತ್ತಿತ್ತು, ಇಬ್ಬರಿಗೂ ನಗು ಬರುತ್ತಿತ್ತು. ಅದರಲ್ಲಿ ಸರಿಪಡಿಸುವಂಥದ್ದೇನೂ ನನಗೆ ಕಂಡಿರಲಿಲ್ಲ.

ಸರಿಪಡಿಸಲು ಊರಿಗೂರೇ ಸಿದ್ಧವಾಗಿತ್ತು. ಅತ್ತೆ ಹಬ್ಬಕ್ಕೆ ಬಂದವಳು ಮೊಮ್ಮಗಳ ಮಾತು ಕೇಳಿ ಎದೆ ಬಡಿದುಕೊಂಡಳು.

"ಅಯ್ಯೋ, ಹೆತ್ತವ್ವನ ಮಾತೇ ಬರ್ದ ಮಗ ಮಾಡ್ಬುಟ್ಟಲ್ಲವ್ವ! ಎಂಥಾ ತಾಯಿ ನೀನು?"

ಮಗಳನ್ನು ಗುಂಡ್ಲುಪೇಟೆಯ ಒಂದು ಇಂಗ್ಲಿಷ್ ಶಾಲೆಯ ಎಲ್‌ಕೆಜಿಗೆ ಸೇರಿಸಲು ಹೋದಾಗ ಮುಖ್ಯೋಪಾಧ್ಯಾಯಿನಿಯದು ಇನ್ನೊಂದು ಉಪದೇಶ. "ನೋಡಿ, ಇಷ್ಟೊಂದು ಭಾಷೆ ಕೇಳಿದ್ರೆ ಮಗು ಕನ್‌ಫ್ಯೂಸ್ ಆಗುತ್ತೆ. ಇನ್ಮೇಲೆ ಮನೇಲಿ ಬರೀ ಇಂಗ್ಲಿಷ್. ಕನ್ನಡ ಕಟ್. ತಾಯಿಯಾದವರು ಕೋಆಪರೇಟ್ ಮಾಡಬೇಕು." ಇದನ್ನೆಲ್ಲ ಆಕೆ ಹೇಳಿದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಹೇಳಲು ಆಕೆಗೂ ಧೈರ್ಯವಿರಲಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ.

ನನ್ನ ಗಂಡ ಅದನ್ನು ವೇದವಾಕ್ಯವೆಂದು ತಲೆಯ ಮೇಲೆ ಹೊತ್ತುಕೊಂಡು ಬಂದ. ಅವತ್ತಿನಿಂದಲೇ ಮನೆಯಲ್ಲಿ ಕನ್ನಡ ನಿಂತಿತು. ಅವನ ಇಂಗ್ಲಿಷ್ ಎಂದರೆ ಕಮ್, ಸಿಟ್, ಈಟ್, ಡೋಂಟ್ ಕ್ರೈ. ನಮ್ಮ ಕಡೆ ನಾಯಿ ಸಾಕಿದವರೂ ನಾಯಿಗೆ ಇಷ್ಟು ಇಂಗ್ಲಿಷ್ ಹೇಳುತ್ತಾರೆ. ನನ್ನ ಇಂಗ್ಲಿಷೋ, ಬರೀ ಕಾಯಿಲೆಯದು: ಬಿಪಿ, ಡ್ರಿಪ್, ಬ್ಲೀಡಿಂಗ್, ಡಿಸ್ಚಾರ್ಜ್. ಇವನ್ನು ಇಟ್ಟುಕೊಂಡು ಮಗುವಿಗೆ ತಲೆ ಬಾಚುತ್ತ ಏನು ಹೇಳಲಿ? ಕನ್ನಡದಲ್ಲಿ ಬಾಯಿ ತೆರೆದರೆ ಗಂಡ "ಉಶ್" ಎನ್ನುತ್ತಿದ್ದ. ಮಗಳ ಭವಿಷ್ಯ ಹಾಳಾದೀತು ಎಂಬ ಹೆದರಿಕೆ ನನಗೂ ಇತ್ತು. ನಾನು ಸುಮ್ಮನಾಗುತ್ತ ಹೋದೆ. ಸ್ನಾನ ಮಾಡಿಸುವಾಗ ಸುಮ್ಮನೆ, ಉಣಿಸುವಾಗ ಸುಮ್ಮನೆ. ಮಗಳೂ ನಮ್ಮ ಮನೆಯೊಳಗೆ ಕಾಲಿಟ್ಟರೆ ಬಾಯಿ ಹೊಲಿದುಕೊಂಡಂತೆ ಇರುತ್ತಿದ್ದಳು. ಗೋಡೆಯ ಆಚೆ, ಚೇಚಿಯ ಮನೆಯಲ್ಲಿ, ಅವಳು ಹರಟುತ್ತ ನಗುವುದು ನನಗೆ ಕೇಳಿಸುತ್ತಿತ್ತು.

ಆ ವರ್ಷ ಒಂದು ಭಾನುವಾರ ಚಾಮರಾಜನಗರದ ಭಾವನ ಮನೆಗೆ ಊಟಕ್ಕೆ ಹೋದೆವು. ಗಂಡನ ಅಣ್ಣ ಕಾಲೇಜು ಮೇಷ್ಟ್ರು. ನವೆಂಬರ್ ತಿಂಗಳಿಡೀ ಯಾವ ವೇದಿಕೆ ಹಾಕಿದರೂ ಅದರ ಮೇಲೆ ಅವರಿರುತ್ತಾರೆ, ಕೊರಳಲ್ಲಿ ಶಾಲು ಇರುತ್ತದೆ. ಅವರ ಇಬ್ಬರು ಮಕ್ಕಳು ಮಾತ್ರ ಮೈಸೂರಿನ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ. ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಪಾಠ ಹೇಳುವ ದ್ವಿಭಾಷಾ ವಿಭಾಗ ಬರುತ್ತದೆಂಬ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. ಗಂಡಸರು ಎಲೆಯ ಮುಂದೆ ಕುಳಿತರು. ನಾನೂ ಭಾವನ ಹೆಂಡತಿ ಅಕ್ಕನೂ ಬಡಿಸುತ್ತಿದ್ದೆವು.

"ಇದು ಕನ್ನಡದ ಕತ್ತು ಹಿಸುಕೋ ಕೆಲ್ಸ ಕಣ್ಲಾ," ಎಂದರು ಭಾವ.

"ಅಣ್ಣ, ನಿನ್ ಮಕ್ಳು ಇಂಗ್ಲಿಷಲ್ಲಿ ಓದ್ಬೋದು, ಬಡವ್ರ ಮಕ್ಳು ಓದ್ಬಾರ್ದಾ?" ನನ್ನ ಗಂಡನ ಬಾಯಲ್ಲಿ ಬಡವರು ಬಂದದ್ದು ಅದೇ ಮೊದಲು.

"ಅವ್ರ ವಿಷ್ಯ ಬೇರೆ. ಅವ್ರಿಗೆ ಮನೇಲೇ ಬುನಾದಿ ಬಿದ್ದದೆ. ತಾಯ್ನುಡಿ ಅನ್ನೋದು ತಾಯಿ ಹಾಲಿನ್ ಜೊತೇಲಿ ಇಳೀಬೇಕು ಕಣ್ಲಾ. ಮಗೀಗೆ ಹಾಲು ಕೊಟ್ಟು ಮಾತು ಕೊಡದಿದ್ರೆ ಅದೆಂಥ ತಾಯ್ತನ?"

ನನ್ನ ಹಾಲಿನ ವಿಚಾರವನ್ನು ಇಬ್ಬರು ಗಂಡಸರು ಸಾರಿಗೆ ತುಪ್ಪ ಹಾಕಿಸಿಕೊಳ್ಳುತ್ತ ಚರ್ಚಿಸಿದರು. ಬಡಿಸುತ್ತಿದ್ದ ನನ್ನ ಮುಖವನ್ನು ಇಬ್ಬರೂ ನೋಡಲಿಲ್ಲ. ಹಪ್ಪಳ ಕೇಳುವಾಗ ಭಾವ ಕೈ ಮಾತ್ರ ಚಾಚಿದರು.

ವಾದಕ್ಕೆ ಸಾಕ್ಷಿ ಬೇಕಾಯಿತು. ಭಾವ ಮೂಲೆಯಲ್ಲಿದ್ದ ನನ್ನ ಮಗಳನ್ನು ಕರೆದರು. "ಬಾ ಅಮ್ಮಿ ಇಲ್ಲಿ. ನಿಮ್ಮವ್ವ ನಿನ್ ಜೊತೆ ಯಾವ್ ಭಾಷೇಲಿ ಮಾತಾಡ್ತಳೆ, ಹೇಳು ನೋಡನ."

ಮಗಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನೆಲ ನೋಡುತ್ತ ಮೆಲ್ಲಗೆ, "ಅಮ್ಮ ಮಿಂಡೂಲ" ಎಂದಳು.

"ಏನಂದ್ಲು?" ಭಾವ ತಮ್ಮನ ಕಡೆ ತಿರುಗಿದರು. ತಮ್ಮ ನನ್ನ ಕಡೆ ತಿರುಗಿದ. ಮಗಳು ಆಡುವ ಭಾಷೆ ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದದ್ದು.

"ಅಮ್ಮ ಮಾತೇ ಆಡಲ್ಲ ಅಂದಳು," ಎಂದೆ.

ಅಳು ಬರುತ್ತದೆ ಎಂದುಕೊಂಡೆ. ಬಂದದ್ದು ಸಿಟ್ಟು. ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟೆ.

"ಭಾವ, ನಿಮ್ಮ ಮಕ್ಕಳನ್ನ ಮೈಸೂರಿಂದ ಬಿಡಿಸಿ ಇಲ್ಲಿ ಕನ್ನಡ ಶಾಲೆಗೆ ಹಾಕಿ, ಆಮೇಲೆ ನನ್ನ ತಾಯ್ತನದ ಲೆಕ್ಕ ಕೇಳಿ. ಏನ್ರೀ, ನೀವು ನಾಳೆ ಕಚೇರೀಲಿ ಒಂದು ದಿನ ಬರೀ ಇಂಗ್ಲಿಷಲ್ಲಿ ಮಾತಾಡಿ ಬನ್ನಿ. ಎಷ್ಟು ಹೊತ್ತು ಮಾತು ಬಂತು ಅಂತ ಸಂಜೆ ಹೇಳಿ. ಮಗಳಿಗೆ ಜ್ವರ ಬಂದಾಗ ಯಾವ ಭಾಷೇಲಿ ಅತ್ತಳು ಅಂತ ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಗೊತ್ತಾ?"

"ಉಣ್ಣೋ ಹೊತ್ನಲ್ಲಿ ಇವೆಲ್ಲ ಯಾಕವ್ವ..." ಎಂದ ಭಾವ ಪಲ್ಯದ ಕಡೆ ಗಮನ ಕೊಟ್ಟರು. ಸಾವಿರ ಜನರ ಮುಂದೆ ಗುಡುಗುವ ಬಾಯಿ ಈಗ ಹಪ್ಪಳ ಅಗಿಯುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗುತ್ತಿದ್ದಳು ಎಂದು ಅವಳ ಭುಜ ನೋಡಿ ತಿಳಿಯಿತು.

ವಾಪಸ್ ಬರುವ ಬಸ್ಸಿನಲ್ಲಿ ಗಂಡ ಮುಂದೆ ಎಲ್ಲೋ ಸೀಟು ಹಿಡಿದ. ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತು ಶುರು ಮಾಡಿದೆ, ಕನ್ನಡದಲ್ಲಿ. ಕಂಡಕ್ಟರಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿ. ವಾರ್ಡಿನಲ್ಲಿ ಒಬ್ಬಾಕೆಗೆ ಅವಳಿ ಹುಟ್ಟಿದ್ದು, ಎರಡನೆಯದು ಹೊರಗೆ ಬಂದು ಅಳದೆ ಎಲ್ಲರನ್ನೂ ಹೆದರಿಸಿದ್ದು, ಬೆನ್ನು ತಟ್ಟಿದ್ದು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ತೆರಕಣಾಂಬಿ ದಾಟುವಾಗ ನನ್ನ ಗಲ್ಲ ಹಿಡಿದು, "ಆಮೇಲೆ ಪಾಪು ಅತ್ತಿತಾ?" ಎಂದು ಕೇಳಿದಳು.

ಕನ್ನಡದಲ್ಲಿ ಕೇಳಿದಳು. ನಾನು ಅದನ್ನು ಕುಣಿದಾಡಿ ಹೇಳಿಕೊಳ್ಳಲಿಲ್ಲ. "ಅತ್ತಿತು, ಬಹಳ ಅತ್ತಿತು," ಎಂದೆ.

ಇಂಗ್ಲಿಷ್ ಶಾಲೆ ಬಿಡಿಸಿದೆ. ಗಂಡ ಒಂದು ವಾರ ಮುನಿಸಿಕೊಂಡು ನೋಡಿದ, ಆಮೇಲೆ ಬೇಜಾರಾಗಿ ಬಿಟ್ಟ. ವಯಸ್ಸು ತುಂಬಿದ ಮೇಲೆ ಮಗಳು ಒಂದನೇ ತರಗತಿಗೆ ಸರ್ಕಾರಿ ಶಾಲೆಯ ದ್ವಿಭಾಷಾ ವಿಭಾಗಕ್ಕೆ ಸೇರಿದಳು. ಅದರ ಉದ್ಘಾಟನೆಗೆ ಬಂದವರು ಹಾರ ಹಾಕಿಸಿಕೊಂಡು ಜಗತ್ತಿನ ಭಾಷೆಗಳ ಬಗ್ಗೆ ಮಾತಾಡಿ ಹೋದರು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಅದನ್ನು ಹಾಕಿಸಿದ್ದು ನಾವು ಒಂದಷ್ಟು ತಾಯಂದಿರು, ಬಡಗಿಯನ್ನು ಕರೆತಂದು. ಪುಸ್ತಕದಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಮೇಡಂ ಕನ್ನಡದಲ್ಲಿ ಪಾಠ ಹೇಳಿ ಇಂಗ್ಲಿಷ್ ಪದ ಹೇಳಿಕೊಡುತ್ತಾರೆ. ಭಾವ ಹೆದರಿಸಿದ ಪ್ರಳಯವೂ ಆಗಲಿಲ್ಲ, ಗಂಡ ಕಂಡ ಸ್ವರ್ಗವೂ ಇಳಿಯಲಿಲ್ಲ. ಮಗಳು ಈಗ ನಾಲ್ಕನೆಯ ತರಗತಿ. ಮೂರು ಭಾಷೆಯಲ್ಲೂ ನನ್ನ ತಲೆ ತಿನ್ನುತ್ತಾಳೆ. ಡ್ಯೂಟಿಯಿಂದ ಬಂದು ಕಾಲು ಚಾಚಿದವಳಿಗೆ ಒಂದು ಗಳಿಗೆ ಬಾಯಿ ಮುಚ್ಚಮ್ಮ ಎನ್ನಿಸುವುದೂ ಉಂಟು.

ಹೋದ ತಿಂಗಳು ಅತ್ತೆಯನ್ನು ಕರೆದುಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಇಳಿಯುವ ಬಸ್ಸಿನಲ್ಲಿ ಕೇರಳದಿಂದ ಬಂದ ಒಂದು ಕುಟುಂಬಕ್ಕೆ ಮುಂದಿನ ಬಸ್ಸು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಗಾಬರಿಯಾಗಿತ್ತು. ಮಗಳು ಅವರಿಗೆ ಮಲಯಾಳದಲ್ಲಿ ವಿವರಿಸಿದಳು, ಕಂಡಕ್ಟರನ್ನು ಕನ್ನಡದಲ್ಲಿ ಕೇಳಿ ಮತ್ತೆ ಅವರಿಗೆ ಹೇಳಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅತ್ತೆ ಪಕ್ಕದ ಸೀಟಿನ ಹೆಂಗಸಿನ ಕಡೆ ವಾಲಿ, "ನನ್ ಮೊಮ್ಮಗಳು ಕಣವ್ವ. ನಮ್ ಮನೆತನದ ಬುದ್ಧಿ. ಎಲ್ಲಾನೂವೆ ನಾವೇ ಕಲ್ಸಿರದು," ಎಂದಳು.

ಕಿಟಕಿಯ ಹೊರಗೆ ಕಾಡಂದಿಗಳ ಹಿಂಡೊಂದು ರಸ್ತೆ ದಾಟುತ್ತಿತ್ತು. ಅದನ್ನು ನೋಡುತ್ತ ಕುಳಿತೆ.